ಮಾಯವ್ವನನ್ನು ಉಪವಾಸ ಕೆಡವಿದ ಮರಿ

ಕೆರೂರಿನಲ್ಲಿ ಬೆಳಗು ಹರಿಯುವ ಹೊತ್ತು. ಹಿತ್ತಲ ದಡ್ಡಿಯಲ್ಲಿ ಕುರಿಗಳು ಒದರುತ್ತಿವೆ. ಅಂಜನಾ ಒಲೆ ಮುಂದೆ ಕೂತು ಮೊಬೈಲಿನಲ್ಲಿ ಆಟವಾಡುತ್ತಿದ್ದಾರೆ. ಕಾಲಹರಣ ಅಂದುಕೊಂಡೀರಿ ಮತ್ತೆ, ಇದೇ ಅವರ ಕೆಲಸ! ಹೊಸ ಆಟ ಪೇಟೆಗೆ ಬರುವ ಮುಂಚೆ ಅದನ್ನು ಆಡಿ, ಎಲ್ಲಿ ತಲೆ ಕೆಡುತ್ತದೆ, ಎಲ್ಲಿ ಸಿಟ್ಟು ಬರುತ್ತದೆ, ಯಾವ ಗುಂಡಿ ಬೆರಳಿಗೆ ಸಿಗುವುದಿಲ್ಲ ಎಂದು ಹುಬ್ಬಳ್ಳಿಯ ಒಂದು ಕಂಪನಿಗೆ ಬರೆದು ಕಳಿಸುತ್ತಾರೆ.

"ಓಣ್ಯಾಗಿನ ಮಂದಿ ನಗತಾರ್ರಿ. ‘ಈ ಸೊಸಿಗಿ ಬ್ಯಾರೆ ಬದುಕಿಲ್ಲೇನು’ ಅಂತಾರ. ನಮ್ಮತ್ತಿ ಒಬ್ಬಾಕಿನ ನನ್ನ ಕಡೆ."

ಅತ್ತೆ ಮಾಯವ್ವ ಬರೀ ಮಾತಿನ ಆಸರೆಯಲ್ಲ. ಪ್ರತಿ ಆಟವನ್ನೂ ಅಂಜನಾ ಅತ್ತೆಯ ಮೊಬೈಲಿಗೆ ಹಾಕಿಕೊಟ್ಟು, ಆಟದ ಗಂಧಗಾಳಿ ಇಲ್ಲದವರು ಎಲ್ಲಿ ತಡವರಿಸುತ್ತಾರೆಂದು ನೋಡುತ್ತಾರೆ. ಈ ಸಲ ಬಂದದ್ದು ಕುರಿಮರಿ ಸಾಕುವ ಆಟ. ಆಟ ಬಿಟ್ಟೇಳಲು ಹೋದರೆ ಮರಿ ಕಣ್ಣೀರಿಟ್ಟು ಒದರುತ್ತದೆ.

ಅಲ್ಲೇ ಎಡವಟ್ಟಾಯಿತು. ಕುರಿಗಾರರ ದೇವರು ಬೀರಪ್ಪನಿಗೆ ನಡೆದುಕೊಳ್ಳುವ ಮನೆತನ. ತಬ್ಬಲಿ ಮರಿ ಹಾಲು ಕುಡಿಯುವ ತನಕ ಮಾಯವ್ವ ತುತ್ತು ಮುಟ್ಟಿದವರಲ್ಲ. ಸೊಸೆ ಬಾಗಲಕೋಟೆಗೆ ಹೋಗಿದ್ದ ದಿನ ರೊಟ್ಟಿ ಮುಚ್ಚಿಟ್ಟು, ಮೊಬೈಲಿನ ಮರಿ ಸುಮ್ಮನಾಗಲೆಂದು ಕಾದರು. ಅದು ಸುಮ್ಮನಾಗುವುದೆಲ್ಲಿ? ಮೊದಲೇ ಸಕ್ಕರೆ ಕಾಯಿಲೆಯ ಜೀವ. ಸಂಜೆ ಅಂಜನಾ ಬಂದು ನೋಡಿದರೆ, ಅಯ್ಯೋ ಶಿವನೇ, ಅತ್ತೆ ಎಚ್ಚರ ತಪ್ಪಿ ಬಿದ್ದಿದ್ದಾರೆ, ಪಕ್ಕದಲ್ಲಿ ಮರಿ ಇನ್ನೂ ಅಳುತ್ತಿದೆ!

"ದವಾಖಾನ್ಯಾಗ ಕಣ್ಣ ತೆರದಾಕಿನ ಏನ್ ಕೇಳಿದ್ಲು ಗೊತ್ತೇನ್ರಿ? ‘ಮರಿ ಹಾಲ ಕುಡೀತೇನ’ ಅಂದ್ಲು." ಎನ್ನುತ್ತಾರೆ ಅಂಜನಾ.

ಅದಕ್ಕಿಂತ ದೊಡ್ಡ ಸಿಡಿಲು ಕಂಪನಿಯಿಂದ ಬಂತು. ಅಂಜನಾ ನಡೆದದ್ದನ್ನೆಲ್ಲ ಬರೆದು, ಈ ಅಳು ತೆಗೆಯದೆ ಆಟ ಹೊರಗೆ ಬಿಡಬೇಡಿ ಎಂದು ಕಳಿಸಿದ್ದರು. ಅಲ್ಲಿಯ ಮೇಲಧಿಕಾರಿ ಪ್ರವೀಣಕುಮಾರ ಫೋನಿನಲ್ಲಿ ಹೇಳಿದ್ದೇನು? "ಆಡೋರು ಎದ್ದು ಹೋಗಬಾರ್ದು ಅಂತನ ಅಳು ಇಟ್ಟೇವ್ರಿ. ನೀವ್ ಬರದ ಆ ಮಾತ ತೆಗೀರಿ. ಇಲ್ಲಂದ್ರ ಮುಂದಿನ ಆಟ ನಿಮಗ ಬರೂದಿಲ್ಲ."

ಬೇಕಂತಲೇ ಇಟ್ಟದ್ದು! ಅಂಜನಾ ಹೇಳಿದರು: "ತೆಗೀತೇನ್ರಿ ಸರ. ಮೊದಲ ನಿಮ್ಮವ್ವನ ಕೈಯಾಗ ಒಂದ ದಿನ ಈ ಆಟ ಕೊಡ್ರಿ."

ಫೋನು ಕಟ್ಟಾಯಿತು. ಕೆಲಸ ಹೋಯಿತೆಂದೇ ಅತ್ತೆ-ಸೊಸೆ ಸಪ್ಪಗೆ ಕೂತರು. ವಾರದ ಮೇಲೆ ಮತ್ತೆ ಅದೇ ಪ್ರವೀಣಕುಮಾರ, ದನಿ ಮಾತ್ರ ಬೇರೆ: "ಅಕ್ಕಾರ, ನಮ್ಮವ್ವನೂ ಉಣವಲ್ಲಳ್ರಿ."

ಈಗ ಆಟ ಬಿಟ್ಟೆದ್ದರೆ ಮರಿ ಕಾಲು ಮಡಚಿ ಮಲಗುತ್ತದೆ. ಅಂಜನಾಗೆ ಹೊಸ ಆಟವೂ ಬಂದಿದೆ. ಮುಂದೇನಾಸೆ ಎಂದರೆ ನಾಚಿಕೊಳ್ಳುತ್ತಾರೆ.

"ಮಂದಿ ಆಡಲ್ರಿ, ನಾ ಬ್ಯಾಡನ್ನೂದಿಲ್ಲ. ಉಣ್ಣೂ ಹೊತ್ತಿಗಿ ಎದ್ದು ಉಂಡ್ರ ಸಾಕು."