ದೇವಿಯ ಸೆರಗಿನ ನೀಲಿ

ಲಕ್ಷ್ಮೇಶ್ವರದ ಒಂದು ಮನೆಯಲ್ಲಿ ಚಿತ್ರಗಳಿರುವ ಹಳೆಯ ಕೈಬರಹದ ಪೋಥಿಯಿದೆ ಎಂದು ಕೇಳಿದ ಮೇಲೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಗದಗಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು ನಾನು. ಯಾವ ಬಣ್ಣ ಕಂಡರೂ ಅದು ಏತರದ್ದೆಂದು ಕೆದಕದಿದ್ದರೆ ಸಮಾಧಾನವಿಲ್ಲ. ಬೆಟಗೇರಿಯ ನೇಕಾರರ ಮನೆಯಲ್ಲಿ ಹುಟ್ಟಿ, ನೂಲಿಗೆ ಬಣ್ಣ ಹಾಕುವ ಪಾತ್ರೆಯೊಳಗೆ ಇಣುಕಿ ಇಣುಕಿ ಬೈಸಿಕೊಂಡ ಚಟ ಅದು.

ಮನೆಯ ಯಜಮಾನರು ನಿವೃತ್ತ ಶಿಕ್ಷಕರು. ಪೋಥಿಯನ್ನು ವಸ್ತುಸಂಗ್ರಹಾಲಯಕ್ಕೆ ಕೊಡುವ ಮೊದಲು ಬಣ್ಣಗಳ ಬಗ್ಗೆ ಅವರಿಗೊಂದು ವರದಿ ಬೇಕಾಗಿತ್ತು. ಎರವಲು ತಂದ ಕೈಹಿಡಿಯ ಎಕ್ಸ್-ರೇ ಯಂತ್ರವನ್ನು ಪುಟಕ್ಕೆ ತಾಗದಂತೆ ಹಿಡಿದೆ. ಬಣ್ಣದಲ್ಲಿ ಯಾವ ಲೋಹವಿದೆಯೆಂದು ಅದು ಹೇಳುತ್ತದೆ. ಕೆಂಪಿನಲ್ಲಿ ಪಾದರಸ ಸಿಕ್ಕಿತು, ಅಂದರೆ ಇಂಗಳೀಕ. ಹಳದಿಯಲ್ಲಿ ಆರ್ಸೆನಿಕ್, ಅದು ಹರಿದಾಳ. ಬಿಳಿಯಲ್ಲಿ ಸೀಸ. ಇಷ್ಟೆಲ್ಲ ವಿಷ ಅರೆದು ಇಂಥ ಚೆಂದದ ದೇವಿಯನ್ನು ಬರೆದವನ ಬೆರಳುಗಳ ಗತಿ ಏನಾಯಿತೋ ಎಂದುಕೊಂಡೆ.

ದೇವಿಯ ನೀಲಿ ಸೀರೆಗೆ ಬಂದಾಗ ಯಂತ್ರ ಬಾಯಿ ಬಿಡಲಿಲ್ಲ. ತಾಮ್ರವಿಲ್ಲ, ಕೋಬಾಲ್ಟ್ ಇಲ್ಲ. ಗಿಡದಿಂದ ತೆಗೆದ ನೀಲಿಯಾದರೆ ಲೋಹ ಸಿಗುವುದಿಲ್ಲ, ನನಗೆ ಗೊತ್ತಿತ್ತು. ಆದರೂ ಸಿಡಿಮಿಡಿಗೊಂಡು ನಾಲ್ಕು ಸಲ ನೋಡಿದೆ.

ಯಜಮಾನರ ತಾಯಿ ಬಾಗಿಲ ಬಳಿ ಕುಳಿತಿದ್ದರು. ಎಂಬತ್ತು ದಾಟಿದ ಅಜ್ಜಿ. ಕೆಂಪು, ಹಳದಿಯ ಬಗ್ಗೆ ಏನೂ ಕೇಳದವರು ಈಗ ಮೂರನೆಯ ಸಲ ಕೇಳಿದರು:

"ನೀಲಿ ಏನಂತೈತಿ?"

ಏನೂ ಅನ್ನುತ್ತಿಲ್ಲ ಎಂದೆ. ಮಗ ಫೋನು ಬಂತೆಂದು ಹೊರಗೆ ಹೋದಾಗ ಅಜ್ಜಿ ಹತ್ತಿರ ಸರಿದು ಸಣ್ಣ ದನಿಯಲ್ಲಿ ಎಲ್ಲ ಹೇಳಿದರು. ಹೊಸ ಸೊಸೆಯಾಗಿ ಬಂದ ವರ್ಷ, ಮಹಾನವಮಿಗೆ ಪೋಥಿ ಒರೆಸುವಾಗ ತಂಬಿಗೆ ಉರುಳಿ ದೇವಿಯ ಸೆರಗಿನ ತುದಿ ತೊಳೆದುಹೋಗಿತ್ತು. ಮಾವ ಬಹಳ ಸಿಟ್ಟಿನವರು. ಅವರ ಬಿಳಿ ಧೋತರಕ್ಕೆ ಹಾಕುವ ನೀಲಿಯನ್ನೇ ನೀರಲ್ಲಿ ಕಲಸಿ, ಹತ್ತಿಯ ಬತ್ತಿ ಅದ್ದಿ, ಉಸಿರು ಬಿಗಿಹಿಡಿದು ತುಂಬಿದ್ದರಂತೆ. ಯಾರಿಗೂ ತಿಳಿಯಲಿಲ್ಲ. ಅಂದಿನಿಂದ ಪೂಜೆಯ ದಿನ ಎಲ್ಲರಿಗಿಂತ ಮೊದಲು ಹೋಗಿ ಆ ಮೂಲೆಯ ಮೇಲೊಂದು ಹೂವು ಇಡುತ್ತಿದ್ದರು.

"ಅದನ್ನ ಬರೀತಿ ಏನ ತಂಗಿ?"

ನೋಡಿ ಹೇಳುತ್ತೇನೆ ಎಂದೆ. ಪಾಪ ಅನ್ನಿಸುವ ಮೊದಲೇ ನನ್ನ ಕೈ ಭೂತಗನ್ನಡಿ ಹುಡುಕುತ್ತಿತ್ತು. ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಯಜಮಾನರ ಒಪ್ಪಿಗೆ ಪಡೆದು ಕಣ್ಣಿಗೆ ಕಾಣದಷ್ಟು ಸಣ್ಣ ಎರಡು ಕಣ ತೆಗೆದೆ, ಸೀರೆಯ ನಡುವಿನಿಂದ ಒಂದು, ಸೆರಗಿನ ತುದಿಯಿಂದ ಒಂದು. ಬಟ್ಟೆಯ ನೀಲಿಯೂ ಆ ಯಂತ್ರಕ್ಕೆ ಸರಿಯಾಗಿ ಕಾಣುವುದಿಲ್ಲ, ಆದರೆ ಆಮ್ಲ ತಾಗಿದರೆ ಬಣ್ಣ ಬಿಡುತ್ತದೆ. ಗದಗಿನ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದಡಿ ಒಂದೊಂದು ಹನಿ ಬಿಟ್ಟೆ. ನಡುವಿನ ಕಣ ಜಪ್ಪಯ್ಯ ಅನ್ನಲಿಲ್ಲ. ಅದು ಗಿಡದ ನೀಲಿ. ತುದಿಯ ಕಣ ನೋಡನೋಡುತ್ತ ಬೆಳ್ಳಗಾಯಿತು. ಅಜ್ಜಿ ಹೇಳಿದ್ದು ಖರೆ.

ವರದಿಯಲ್ಲಿ ಸುಳ್ಳು ಬರೆಯಲಾರೆ, ಅಜ್ಜಿಯನ್ನು ಹಿಡಿದುಕೊಡಲಾರೆ. "ಸೆರಗಿನ ತುದಿ ನಂತರದ ದುರಸ್ತಿ. ಮಾಡಿದವರು ಗೊತ್ತಿಲ್ಲ" ಎಂದು ಬರೆದೆ. ಎರಡನೆಯ ವಾಕ್ಯ ಸುಳ್ಳೇ ಆಗಿತ್ತು. ಮುಂದಿನ ವಾರ ಹೋಗಿ, ಮಗನ ಕೈಗೆ ಕೊಡುವ ಮೊದಲು ಅಜ್ಜಿಗೆ ಓದಿ ತೋರಿಸಿದೆ. ಅವರು ಆ ಸಾಲನ್ನೇ ಇನ್ನೊಮ್ಮೆ ಓದಿಸಿದರು. ಚಿತ್ರ ಬರೆದವ ಯಾರೆಂದು ಕೇಳಿದರು. ಅದೂ ಗೊತ್ತಿಲ್ಲವೆಂದೆ.

"ಅಂವಾ ಇಲ್ಲ, ಅದಕ್ಕ ಗೊತ್ತಾಗೂದಿಲ್ಲ. ನಾ ಇನ್ನೂ ಅದೀನಲ್ಲ. ನನ್ನ ಬರಿ."

ಮಗನನ್ನು ಅವರೇ ಕರೆದು ಹೇಳಿದರು. ನಾನು "ಗೊತ್ತಿಲ್ಲ" ಎಂಬುದನ್ನು ಹೊಡೆದು "ಈ ಮನೆಯ ಸೊಸೆ, ಬಟ್ಟೆಯ ನೀಲಿಯಿಂದ" ಎಂದು ಬರೆದೆ. ಯಜಮಾನರು ಬಗ್ಗಿ ಆ ಮೂಲೆಯನ್ನು ನೋಡಿದರು.

"ಅದಕ್ಕ ಹೂವ ಯಾವಾಗಲೂ ಅಲ್ಲೇ ಇಡ್ತಿದ್ದಿ ಏನಬೇ?"

ಅಜ್ಜಿ ನನ್ನ ಕೈಯಿಂದ ಭೂತಗನ್ನಡಿ ಇಸಿದುಕೊಂಡು, ತಾವು ತುಂಬಿದ್ದ ನೀಲಿಯನ್ನು ಅರವತ್ತು ವರ್ಷದ ಮೇಲೆ ಹೂವಿಲ್ಲದೆ ನೋಡತೊಡಗಿದರು.