ಅಳಿಯನ ಎರಡನೇ ಸುಳಿ

ನನ್ನ ಅಳಿಯನಿಗೆ, ಅಂದರೆ ಅಕ್ಕನ ಮಗನಿಗೆ, ಎರಡು ಮದುವೆ ಎಂದು ತೊಟ್ಟಿಲಿಗೆ ಹಾಕಿದ ದಿನವೇ ತೀರ್ಮಾನವಾಗಿತ್ತು. ತೀರ್ಪು ಕೊಟ್ಟವರು ಕಮಲಾಪುರದಿಂದ ಬಂದಿದ್ದ ನಮ್ಮಕ್ಕನ ಅತ್ತೆ. ಕೂಸಿನ ತಲೆಯಲ್ಲಿ ಎರಡು ಸುಳಿ: ಒಂದು ನೆತ್ತಿಯಲ್ಲಿ, ಇನ್ನೊಂದು ಹಿಂದೆ. ಅಷ್ಟು ಸಾಕಾಯಿತು ನನಗೆ. ಗಾಜಿಪುರದ ನಮ್ಮ ಮನೆಯಲ್ಲಿ ಇಬ್ಬರು ಹೆಂಡಿರ ಜಗಳವನ್ನು ಇಬ್ಬರ ದನಿಯಲ್ಲೂ ಮಾಡಿ ತೋರಿಸಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. (ನನಗಿನ್ನೂ ಒಂದೂ ಆಗಿಲ್ಲ, ಅದು ಬೇರೆ ಮಾತು.)

ಮೂರು ತಿಂಗಳಿಗೆ ಕೂಸಿಗೆ ಜ್ವರ ಬಂತು. ಹಾಲು ಬಿಟ್ಟ, ನೆತ್ತಿ ಉಬ್ಬಿತು. ಮೆದುಳಿನ ಪೊರೆಗೆ ಬ್ಯಾಕ್ಟೀರಿಯಾ ಸೋಂಕು, ಮೆನಿಂಜೈಟಿಸ್ ಎಂದರು. ಮೂರು ವಾರ ಇಂಜೆಕ್ಷನ್. ಗುಣವಾಯಿತು, ಪೇಡೆ ಹಂಚಿದೆವು. ಒಂದೂವರೆ ತಿಂಗಳಿಗೆ ಮತ್ತೆ ಅದೇ ಜ್ವರ, ಅದೇ ರೋಗ!

ಈ ಸಲ ಸೇಡಂ ರಸ್ತೆಯ ಆಸ್ಪತ್ರೆ. ಅಲ್ಲಿನ ಡಾಕ್ಟರಮ್ಮ ಬೇರೆಯದೇ ಮಾತು ತೆಗೆದರು. "ಇಷ್ಟು ಲಗೂನ ಎರಡನೇ ಸಲ ಬಂದದ ಅಂದ್ರ ಎಲ್ಲೋ ಬಾಗಿಲ ತೆರೆದದರೀ. ಹುಡುಕಬೇಕು."

ಕಿವಿ, ಮೂಗು, ಬೆನ್ನು ಎಲ್ಲ ನೋಡಿದರು. ಉಳಿದದ್ದು ತಲೆ. ದಟ್ಟ ಕೂದಲು, ಮೇಲೆ ಔಡಲೆಣ್ಣೆಯ ಪದರ.

"ಹಿಂದಿನ ಕೂದಲ ತೆಗೀಬೇಕು."

ಅತ್ತೆ ಎದ್ದು ನಿಂತರು. "ಜವಳ ಮನಿದೇವ್ರ ಮುಂದ ಆಗಬೇಕ್ರೀ! ಸೋದರಮಾವನ ತೊಡಿ ಮ್ಯಾಲ. ಅದಕ್ಕೂ ಮೊದ್ಲ ಕತ್ರಿ ಮುಟ್ಟಸಂಗಿಲ್ಲ." (ಹೋದ ಸಲ ಸಲೈನ್ ಸೂಜಿಗೆಂದು ಒಂದಿಷ್ಟು ಕೂದಲು ಬೋಳಿಸಲು ಬಂದ ನರ್ಸನ್ನು ಓಡಿಸಿದವರೂ ಇವರೇ.)

ಅಕ್ಕ ನನ್ನ ಮುಖ ನೋಡಿದಳು. ಯಾರ ದನಿ ತೆಗೆಯಲಿ? ಪೂಜಾರಿಯದೋ, ಡಾಕ್ಟರದೋ? ಎರಡನ್ನೂ ಬಿಟ್ಟು ಬೆಡ್ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತೆ.

"ಅತ್ತಿ, ಮಾವ ಬಂದಾನ. ತೊಡಿನೂ ತಂದಾನ. ಕೂಸಿಗಿ ಕೊಡ್ರಿ."

"ಮತ್ತ ದೇವ್ರು?"

"ಕಮಲಾಪುರದಿಂದ ದಿನಾ ಅಷ್ಟು ಬಸ್ಸು ಬರ್ತಾವಲ್ಲ, ಬರ್ತಾನ ಬಿಡ್ರಿ."

ಅತ್ತೆಗೆ ನಗು ಬಂತೋ, ಅಳು ಬಂತೋ. ಸೆರಗಿನಿಂದ ಕಣ್ಣೊರೆಸಿಕೊಂಡರು. "ಮೊದಲನೇ ಕತ್ರಿ ನಾನೇ ಹಾಕ್ತೀನಿ. ಕೂಸು ಉಳದ್ರ ಸಾಕು, ದೇವ್ರಿಗಿ ನಾ ಹೇಳ್ಕೋತೀನಿ."

ಕೂದಲು ಹೋಯಿತು. ಎರಡನೇ ಸುಳಿಯ ನಡುವೆ ಸೂಜಿಮೊನೆಯಷ್ಟು ತೂತು! ಹುಟ್ಟಿನಿಂದಲೇ ಇದ್ದ ಸಣ್ಣ ಸುರಂಗ, ಚರ್ಮದಿಂದ ತಲೆಯೊಳಗಿನವರೆಗೆ. ಸ್ಕ್ಯಾನ್ ಕೂಡ ಹೌದೆಂದಿತು. ನಾನು ಇಬ್ಬರು ಹೆಂಡಿರನ್ನು ಜಗಳಕ್ಕೆ ಬಿಟ್ಟಿದ್ದ ಜಾಗದಿಂದಲೇ ರೋಗ ಒಳಗೆ ನುಗ್ಗುತ್ತಿತ್ತು. ಅದನ್ನು ನೋಡಿ ಅಷ್ಟು ನಕ್ಕಿದ್ದ ನಾವ್ಯಾರೂ ಡಾಕ್ಟರಿಗೆ ಒಂದು ಮಾತು ಹೇಳಿರಲಿಲ್ಲ.

ಸೋಂಕು ಇಳಿದ ಮೇಲೆ ಆಪರೇಷನ್ ಮಾಡಿ ಸುರಂಗವನ್ನು ಬುಡಸಮೇತ ತೆಗೆದರು. ವರ್ಷ ದಾಟಿತು, ಜ್ವರ ಮರಳಲಿಲ್ಲ.

ಮೊನ್ನೆ ಕಮಲಾಪುರಕ್ಕೆ ಹೋಗಿದ್ದೆ. ಅಳಿಯ ನನ್ನ ಮೂಗು ಹಿಡಿದು ಜಗ್ಗಿದ. ನಾನು "ಅಯ್ಯಯ್ಯೋ" ಎಂದೆ. ಅವನೂ "ಅಯ್ಯಯ್ಯೋ" ಎಂದ, ಥೇಟ್ ನನ್ನ ದನಿಯಲ್ಲಿ! ಅತ್ತೆ ಕಟ್ಟೆಯ ಮೇಲೆ ಕುಳಿತು ಪಕ್ಕದ ಮನೆಯ ಬಾಣಂತಿಗೆ ಪಾಠ ಮಾಡುತ್ತಿದ್ದರು. "ತೂತು, ತಗ್ಗು ಏನ ಕಂಡ್ರೂ ಸುಳಿ ಅನಬ್ಯಾಡವ್ವಾ, ಡಾಕ್ಟರಿಗಿ ತೋರ್ಸು. ನಮ್ಮ ಕೂಸಿಂದು ನಾನೇ ಹುಡುಕಿದ್ದು!" (ವಾದಕ್ಕಿಳಿಯುವ ಧೈರ್ಯ ಯಾರಿಗಿದೆ?)

ಈಗ ನೀವು ಹೇಳಿ: ನಿಮ್ಮ ಮನೆಯ ಕೂಸಿನ ಮೈಮೇಲಿನ ಯಾವ ಗುರುತನ್ನು ಇನ್ನೂ ಡಾಕ್ಟರಿಗೆ ತೋರಿಸಿಲ್ಲ?