ಸಾಬೂನು ಹಿಂದಕ್ಕೆ ಹೊರಟ ದಿನ

ಮುಲುಂಡ್‌ನಲ್ಲಿ ಬೆಳಗಿನ ಲೋಕಲ್ ಹತ್ತಿದ ಮೇಲೆ ನಿಮ್ಮ ಮೂಗು ನಿಮ್ಮ ಸ್ವಂತದ್ದಾಗಿ ಉಳಿಯುವುದಿಲ್ಲ. ಲೇಡೀಸ್ ಡಬ್ಬಿಯಲ್ಲಿ ಯಾರದೋ ಮಲ್ಲಿಗೆ, ಯಾರದೋ ಟಿಫಿನ್ನಿನ ಬೆಳ್ಳುಳ್ಳಿ ಚಟ್ನಿ, ಯಾರದೋ ಮೊಣಕಾಲಿನ ಮುಲಾಮು ಎಲ್ಲವೂ ನಿಮ್ಮದೇ. ಕಳೆದ ಶುಕ್ರವಾರ ನನ್ನ ಪಾಲಿಗೆ ಬಂದದ್ದು ಒಬ್ಬ ಕಾಲೇಜು ಹುಡುಗಿಯ ಒದ್ದೆ ಕೂದಲು. ನಿಂತಲ್ಲೇ ನಿದ್ದೆ ಹೋಗಿ ನನ್ನ ಭುಜಕ್ಕೆ ತಲೆಯಿಟ್ಟಿದ್ದಳು. ಆಗತಾನೇ ಮಿಂದು ಬಂದ ಗಂಧದ ಸಾಬೂನಿನ ಘಮ. ನನಗೆ ತಡೆಯಲಾರದಷ್ಟು ನಗು ಬಂತು. ಎದುರು ನಿಂತಿದ್ದ ಹೆಂಗಸು ತನ್ನ ಮುಖಕ್ಕೇನೋ ಅಂಟಿದೆಯೆಂದು ಕರ್ಚೀಫಿನಿಂದ ಒರೆಸಿಕೊಂಡಳು. ಪಾಪ.

ನಾನು ಹೊರಟಿದ್ದು ವಿಲೆ ಪಾರ್ಲೆಯ ಒಂದು ಡಿಪ್ಲೊಮಾ ಕಾಲೇಜಿಗೆ, ಭಾಷಣ ಮಾಡಲು. ವಿಷಯ, ‘ಸಮಸ್ಯೆಗಳನ್ನು ಬಿಡಿಸುವುದು ಹೇಗೆ’. ನನಗೆ ಭಯವಿರಲಿಲ್ಲ. ಇಂಥ ಸಂದರ್ಭಕ್ಕೆಂದೇ ನನ್ನಲ್ಲೊಂದು ಸಿದ್ಧ ಕಥೆಯಿದೆ. ಮೂರು ಇಂಟರ್‌ವ್ಯೂಗಳಲ್ಲಿ ಅದನ್ನೇ ಹೇಳಿ ಮೂರು ಕಡೆಯೂ ಕೆಲಸ ಗಿಟ್ಟಿಸಿದ್ದೇನೆ. ಕಥೆ ನಿಜವಾದದ್ದೇ, ಒಂದೇ ಒಂದು ಜಾಗದಲ್ಲಿ ಮಾತ್ರ ಸುಳ್ಳು. ಯಾವ ಜಾಗವೆಂದು ನಿಮಗೆ ಹೇಳಿಬಿಡುತ್ತೇನೆ. ಸ್ವಲ್ಪ ಸರಿದು ಕೂರಿ, ನನಗೂ ಒಂದಿಷ್ಟು ಅಂಚು ಸಿಗಲಿ.

ಡಿಪ್ಲೊಮಾ ಮುಗಿಸಿ ನಾನು ಅಪ್ರೆಂಟಿಸ್ ಆಗಿ ಸೇರಿದ್ದು ಒಂದು ಸಾಬೂನು ಕಾರ್ಖಾನೆಯ ಮೇಂಟೆನೆನ್ಸ್ ವಿಭಾಗಕ್ಕೆ. ಬ್ಯಾಂಕಿನ ಕೆಲಸಕ್ಕೆಂದು ಮೈಸೂರಿನಿಂದ ಇಲ್ಲಿಗೆ ಬಂದ ಅಪ್ಪ, ಮಗಳು ಏಸಿಯಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಾಳೆಂದು ನಂಬಿದ್ದರು. ಮೊದಲ ದಿನ ನನಗೆ ಕೊಟ್ಟ ನೀಲಿ ಬಾಯ್ಲರ್ ಸೂಟಿನಲ್ಲಿ ನನ್ನಂಥವರು ಇಬ್ಬರು ಹಿಡಿಯುತ್ತಿದ್ದರು. ಸಂಜೆ ಮನೆಗೆ ಬಂದಾಗ ಮೊಣಕೈವರೆಗೆ ಗ್ರೀಸ್, ಕೆನ್ನೆಯ ಮೇಲೆ ಮಸಿ. ಅಮ್ಮ ಬಾಗಿಲಲ್ಲೇ ನಿಲ್ಲಿಸಿದಳು. “ಹೋಗೋದು ಸೋಪ್ ಫ್ಯಾಕ್ಟರಿಗೆ, ಬರೋದು ಈ ಅವತಾರದಲ್ಲಾ? ಅಲ್ಲೇ ಒಂದು ತುಂಡು ತಗೊಂಡು ತೊಳ್ಕೊಂಡು ಬರಬಾರದೇನೇ?”

ನನಗೆ ಕೆಲಸ ಕಲಿಸಿದವರು ಈರಪ್ಪ ಕಾಕಾ. ವಿಜಯಪುರದ ಕಡೆಯವರು, ಮೂವತ್ತು ವರ್ಷ ಸರ್ವೀಸಿನ ಹಿರಿಯ ಫಿಟ್ಟರ್. ನಾನು ಕನ್ನಡದವಳೆಂದು ತಿಳಿದ ಕ್ಷಣವೇ ನನ್ನ ಜೊತೆ ಹಿಂದಿ ಮಾತಾಡುವುದನ್ನು ಬಿಟ್ಟರು. ಅವರ ಮೊದಲ ಪಾಠ ಯಂತ್ರವನ್ನು ಕೇಳುವುದು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಯಂತ್ರದ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸುವುದು. “ಡಾಕ್ಟರ್ ಎದೀ ನೋಡ್ತಾರಲ್ಲ ತಂಗಿ, ಹಂಗ. ಏನ್ ಅಂತೈತಿ ಕೇಳು.” ನನಗೆ ಕೇಳಿಸಿದ್ದು ಬರೀ ಗರ್ರ್. ಎರಡು ವಾರ ಗರ್ರ್ ಬಿಟ್ಟು ಬೇರೇನೂ ಕೇಳಿಸಲಿಲ್ಲ. ಆಮೇಲೊಂದು ದಿನ ಆ ಗರ್ರ್ ಒಳಗೆ ಒಂದು ಸಣ್ಣ ಟಿಕ್ ಕೇಳಿಸಿತು ನೋಡಿ, ನಾನು ಕುಣಿದ ಕುಣಿತಕ್ಕೆ ಹೆಲ್ಮೆಟ್ ಹಾರಿ ಹೋಗಿ ಎಣ್ಣೆಯ ಬಕೆಟ್ಟಿನಲ್ಲಿ ಬಿತ್ತು. ಮನೆಯಲ್ಲೂ ಮಿಕ್ಸಿ, ಫ್ಯಾನು, ಅಪ್ಪನ ಗೊರಕೆ ಒಂದನ್ನೂ ಬಿಡದೆ ಕೇಳತೊಡಗಿದೆ. ಮೂರನೆಯದನ್ನು ಸ್ಕ್ರೂಡ್ರೈವರ್ ಇಲ್ಲದೆಯೇ ಕೇಳಿದೆ, ಹೆದರಬೇಡಿ.

ನನ್ನ ಈ ಸಂಭ್ರಮ ಸಾವಂತ್ ಸಾಹೇಬರಿಗೆ ಹಿಡಿಸಿರಲಿಲ್ಲ. ಅವರು ವಿಭಾಗದ ಸೂಪರ್‌ವೈಸರ್. ಕೆಟ್ಟವರೇನಲ್ಲ, ಆದರೆ ಮೇಂಟೆನೆನ್ಸ್‌ನಲ್ಲಿ ಹುಡುಗಿಯೆಂದರೆ ಅವರ ತಲೆಗೆ ಹೊಳೆಯುತ್ತಿದ್ದದ್ದು ಅಪಘಾತವೊಂದೇ. ತಿಂಗಳ ಕೊನೆಗೆ ನನ್ನನ್ನು ಸ್ಟೋರ್ ರೂಮಿಗೆ ಹಾಕಿ ನಟ್ಟು ಬೋಲ್ಟುಗಳ ಪಟ್ಟಿ ಬರೆಸುವುದೆಂದು ನಿಶ್ಚಯವಾಗಿತ್ತು. ಈರಪ್ಪ ಕಾಕಾ ಅದಕ್ಕೆ ತಕರಾರು ತೆಗೆದಿದ್ದರು. ಹಿಂದಿಯಲ್ಲಿ ಶುರುಮಾಡಿ, “ಹುಡುಗಿ ಕಿವಿ ಚಲೋ ಐತಿ ಸಾಹೇಬ್” ಎಂದು ಕನ್ನಡದಲ್ಲಿ ಮುಗಿಸಿದ್ದರಂತೆ.

ಅದೇ ದಿನಗಳಲ್ಲಿ ಪ್ಯಾಕಿಂಗ್ ಬೆಲ್ಟಿಗೆ ಒಂದು ಕಾಯಿಲೆ ಹತ್ತಿತು. ಅಚ್ಚೊತ್ತಿದ ಸಾಬೂನುಗಳು ಈ ಬೆಲ್ಟಿನ ಮೇಲೆ ಸಾಲಾಗಿ ಸಾಗಿ, ಕಾಗದ ಸುತ್ತುವ ಹೆಂಗಸರ ಬಳಿಗೆ ಬರುತ್ತಿದ್ದವು. ಬೆಲ್ಟನ್ನು ಎಳೆಯುವ ಗೇರ್ ಬಾಕ್ಸಿನಿಂದ ಠಕ್ ಠಕ್ ಎಂಬ ಸದ್ದು. ಕಾಕಾ ಕೇಳಿ ಬೇರಿಂಗ್ ಎಂದರು, ಬದಲಿಸಿದರು. ಸದ್ದು ಹೋಗಲಿಲ್ಲ. ಹೊಸ ಬೇರಿಂಗೇ ಸರಿಯಿಲ್ಲವೆಂದು ಮತ್ತೊಮ್ಮೆ ಬದಲಿಸಿದರು. ಠಕ್ ಠಕ್. ಮೂರನೆಯ ಸಲವೂ ಬೇರಿಂಗಿನ ಮುಚ್ಚಳವನ್ನಷ್ಟೇ ಬಿಚ್ಚಿ ಜೋಡಿಸಿದ ಮೇಲೆ ಮೋಟರಿನ ವೈರುಗಳನ್ನು ಸೇರಿಸುವ ಕೆಲಸ ನನಗೆ ಕೊಟ್ಟರು. “ಮೂರು ವೈರ್, ಮೂರು ಬಣ್ಣ. ಆಗ್ತೈತಲ್ಲ?”

“ಆಗುತ್ತೆ ಕಾಕಾ, ನೀವು ಚಹಾ ಕುಡ್ಕೊಂಡು ಬನ್ನಿ” ಎಂದೆ, ರಾಣಿಯಂತೆ.

ಗ್ರೀಸ್ ಮೆತ್ತಿದ ವೈರುಗಳಲ್ಲಿ ಕೆಂಪು ಯಾವುದು, ಹಳದಿ ಯಾವುದು ಎಂದು ನೆಟ್ಟಗೆ ಒರೆಸಿ ನೋಡುವ ತಾಳ್ಮೆ ರಾಣಿಗಿರಲಿಲ್ಲ. ಎರಡು ವೈರು ಅದಲುಬದಲಾದವು. ಹಾಗಾದರೆ ಇಂಥ ಮೋಟರು ಸುಡುವುದಿಲ್ಲ, ಸಿಡಿಯುವುದಿಲ್ಲ. ಬಹಳ ವಿನಯದಿಂದ ಹಿಂದುಮುಂದಾಗಿ ತಿರುಗುತ್ತದೆ.

ಕಾಕಾ ಬಂದರು, ಸ್ವಿಚ್ ಒತ್ತಿದರು. ಸಾಬೂನುಗಳು ಒಂದು ಕ್ಷಣ ಯೋಚಿಸಿದಂತೆ ಮಾಡಿ, ಬಂದ ದಾರಿಗೇ ತಿರುಗಿ ಹೊರಟವು! ಸುತ್ತಲೆಂದು ಒಬ್ಬಾಕೆ ಚಾಚಿದ ಕೈಯಿಂದ ಸಾಬೂನು ಜಾರಿಕೊಂಡು ಓಡಿತು. “ಅಗ ಬಾಯಿ! ಉಲ್ಟಾ ಚಾಲ್ಲಂಯ್!” ಎಂದು ಆಕೆ ಮರಾಠಿಯಲ್ಲಿ ಕೂಗಿದಳು. ಹಿಂದೆ ಹೋದವು ಮುಂದೆ ಬರಲಿದ್ದವುಗಳಿಗೆ ಡಿಕ್ಕಿ ಹೊಡೆದು, ಒಂದರ ಮೇಲೊಂದು ಏರಿ, ಗುಲಾಬಿ ಬಣ್ಣದ ಗುಡ್ಡವಾಗಿ, ನೆಲಕ್ಕೆ ದಬದಬ ಸುರಿದವು. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ. ನಾನು ಮಾತ್ರ ಬಾಯಿ ತೆರೆದು ಕಂಬದಂತೆ ನಿಂತಿದ್ದೇನೆ. ಹೆದರಿಕೆಯಿಂದಲ್ಲ. ನನಗೇನೋ ಕೇಳಿಸಿತ್ತು. ಅಥವಾ, ಕೇಳಿಸಿರಲಿಲ್ಲ.

ಕಾಕಾ ಕೆಂಪು ಗುಂಡಿ ಒತ್ತಿ ನಿಲ್ಲಿಸುವಷ್ಟರಲ್ಲಿ ಸಾವಂತ್ ಸಾಹೇಬರು ಬಂದೇಬಿಟ್ಟರು. ಕಾಲಡಿಯ ಸಾಬೂನು, ನನ್ನ ಮುಖ, ಎರಡನ್ನೂ ನೋಡಿದರು. “ಯೆ ಕ್ಯಾ ಹೈ?”

“ಟೆಸ್ಟಿಂಗ್ ಸಾಹೇಬ್. ಉಲ್ಟಾ ಚಲಾ ಕೇ ದೇಖಾ” ಎಂದರು ಕಾಕಾ, ಕಣ್ಣು ಮಿಟುಕಿಸದೆ. ಬೇಕೆಂದೇ ತಿರುಗುಮುರುಗು ಓಡಿಸಿದೆವು ಎಂಬಂತೆ.

“ಅಚ್ಛಾ? ಔರ್ ಕ್ಯಾ ದಿಖಾ?”

ಹಾಗೆ ಓಡಿಸಿ ಕಂಡದ್ದೇನೆಂದು ಸಾಹೇಬರು ಕೇಳಿದ್ದೇ, ಕಾಕಾ ಬಗ್ಗಿ ಒಂದು ಸಾಬೂನು ಎತ್ತಿಕೊಂಡರು. ಮೂವತ್ತು ವರ್ಷದಲ್ಲಿ ಅವರು ಹೇಳಿದ ಮೊದಲ ಸುಳ್ಳೋ ಏನೋ, ಎರಡನೆಯದು ಸಿದ್ಧವಿರಲಿಲ್ಲ. ನನ್ನ ನಾಲಿಗೆಯ ತುದಿಯಲ್ಲಿ ಉತ್ತರವಿತ್ತು. ಆದರೆ ಅದನ್ನು ಹೇಳಿದರೆ, ನನಗಾಗಿ ಸುಳ್ಳು ಹೇಳಿದ ಮನುಷ್ಯನೇ ಎರಡು ಸಲ ತಪ್ಪಿದ್ದಾನೆಂದು ಸಾಹೇಬರ ಮುಂದೆ ಸಾರಿದ ಹಾಗೆ. ನಾನು ಕಾಕಾರತ್ತ ತಿರುಗಿ ಕನ್ನಡದಲ್ಲೇ ಮೆಲ್ಲಗೆ ಹೇಳಿದೆ. “ಕಾಕಾ, ಹಿಂದಕ್ಕೆ ಓಡುವಾಗ ಠಕ್ ಅನ್ನಲಿಲ್ಲ. ಬೇರಿಂಗ್ ಆಗಿದ್ದರೆ ಎರಡೂ ಕಡೆ ಅನ್ನಬೇಕಿತ್ತು. ಗೇರಿನ ಹಲ್ಲು ಒಂದೇ ಮಗ್ಗುಲು ಸವೆದಿರಬಹುದಾ?”

ಕಾಕಾ ನನ್ನನ್ನೇ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಅವರು ಸಾಹೇಬರತ್ತ ತಿರುಗಿ, ಇಡೀ ಶೆಡ್ಡಿಗೆ ಕೇಳುವಂತೆ ಹಿಂದಿಯಲ್ಲಿ ಘೋಷಿಸಿದರು. ‘ನಾನು ಬೇರಿಂಗ್ ಎಂದದ್ದು ತಪ್ಪು, ಈ ಹುಡುಗಿ ಗೇರ್ ಎನ್ನುತ್ತಾಳೆ, ಬಿಚ್ಚುತ್ತೇವೆ.’

ಬಿಚ್ಚಿದೆವು. ಪ್ರತಿ ಹಲ್ಲಿನ ಒಂದು ಮುಖ ತಿಂದುಹೋಗಿತ್ತು, ಇನ್ನೊಂದು ಮುಖ ಹೊಸದರಂತಿತ್ತು. ಕಾಕಾ ಗೇರ್ ಜೋಡಿಯನ್ನು ಹೊರಳಿಸಿ, ಚೆನ್ನಾಗಿದ್ದ ಮುಖಕ್ಕೆ ಭಾರ ಬೀಳುವಂತೆ ಕೂರಿಸಿದರು. ವೈರುಗಳನ್ನು ಈ ಸಲ ನಾನು ಮೂರು ಮೂರು ಬಾರಿ ಒರೆಸಿ ಸೇರಿಸಿದೆ. ಬೆಲ್ಟು ಬೆಣ್ಣೆಯಂತೆ ಸಾಗಿತು. ಹೆಂಗಸರು ಚಪ್ಪಾಳೆ ಹೊಡೆದರು. ಸಾವಂತ್ ಸಾಹೇಬರು ಸ್ಟೋರ್ ರೂಮಿನ ಮಾತನ್ನು ಮತ್ತೆ ಎತ್ತಲೇ ಇಲ್ಲ. ಊಟದ ಹೊತ್ತಿಗೆ ನಾನು ತಡವರಿಸುತ್ತ ಕ್ಷಮೆ ಕೇಳಹೋದರೆ, ಕಾಕಾ ಅರ್ಧ ಜೋಳದ ರೊಟ್ಟಿ ಮುರಿದು ನನ್ನ ಡಬ್ಬಿಯಲ್ಲಿಟ್ಟರು. “ತಪ್ಪು ವೈರ್ ಹಾಕಿದಾಕಿ ನೀನು, ತಪ್ಪು ಕೇಳಿದಂವ ನಾನು. ಇಬ್ಬರೂ ಕೂಡಿ ಸರಿ ಮಾಡಿದ್ವಿ. ಉಣ್ಣು.”

ಈಗ ಆ ಸುಳ್ಳಿನ ಜಾಗ ನಿಮಗೆ ಗೊತ್ತಾಗಿರಬೇಕು. ಇಂಟರ್‌ವ್ಯೂಗಳಲ್ಲಿ ನಾನು, ‘ಆಳವಾಗಿ ಆಲೋಚಿಸಿ, ಮೋಟರನ್ನು ವಿರುದ್ಧ ದಿಕ್ಕಿನಲ್ಲಿ ಓಡಿಸಲು ನಿರ್ಧರಿಸಿದೆ’ ಎನ್ನುತ್ತಿದ್ದೆ. ಕಾಕಾ ನನ್ನನ್ನು ಉಳಿಸಲು ಒಮ್ಮೆ ಆಡಿದ ಮಾತನ್ನು ನಾನು ಮೆರೆಯಲು ಇಷ್ಟು ವರ್ಷ ದುಡಿಸಿಕೊಂಡಿದ್ದೆ.

ಪಾರ್ಲೆಯ ಕಾಲೇಜಿನಲ್ಲಿ ಮೈಕ್ ಹಿಡಿದಾಗ ನನ್ನ ಭುಜದಿಂದ ಬೆಳಗಿನ ಆ ಸಾಬೂನಿನ ಘಮ ಬಂತು, ‘ನಿರ್ಧರಿಸಿದೆ’ ಬಾಯಿಗೆ ಬರಲೇ ಇಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದೆ, ಕಾಕಾರ ಮಾತುಗಳನ್ನು ಕನ್ನಡದಲ್ಲೇ ಹೇಳಿ ಅರ್ಥ ಬಿಡಿಸಿದೆ. ಮಕ್ಕಳು ಬೆಂಚು ಬಡಿದು ನಕ್ಕರು. ಮುಗಿದ ಮೇಲೆ ಒಬ್ಬಳು ಹುಡುಗಿ ಹತ್ತಿರ ಬಂದು ನಿಂತಳು. ಹೆಸರು ಶ್ರೇಯಾ.

“ಮ್ಯಾಮ್, ನಂಗೆ ಕನ್ನಡ ಬರ್ತದೆ... ಥೋಡಾ ಥೋಡಾ. ಪಪ್ಪಂದು ಊರು ಉಡುಪಿ.” ದನಿ ತಗ್ಗಿಸಿದಳು. “ಲ್ಯಾಬಿನ ಡ್ರಿಲ್ ಮಶೀನ್ ಬಂದ್ ಉಂಟಲ್ಲ, ಅದು ನನ್ನಿಂದ. ಬೋಲ್ಟ್ ಜ್ಯಾದಾ ಟೈಟ್ ಮಾಡಿದೆ, ಥ್ರೆಡ್ ಹೋಯ್ತು. ಸರ್ ಅಸಿಸ್ಟೆಂಟ್‌ಗೆ ಬೈದ್ರು. ನಾನು ಚುಪ್ ಇದ್ದೆ.”

“ಸರ್ ಎಲ್ಲಿದ್ದಾರೆ?”

“ಲ್ಯಾಬಲ್ಲೇ. ಅಸಿಸ್ಟೆಂಟೂ ಇದ್ದಾರೆ.”

“ನಡಿ. ಮಾತು ನೀನು ಆಡು, ಬೋಲ್ಟಿಗೆ ನಾನಿದ್ದೇನೆ.”

ಅವಳು ಆಡಿದಳು. ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ತೊದಲುತ್ತ, ಆದರೆ ಪೂರ್ತಿಯಾಗಿ ಆಡಿದಳು. ಸರ್ ಒಮ್ಮೆ ಕೆಮ್ಮಿ, ಅಸಿಸ್ಟೆಂಟ್ ಕಡೆ ತಿರುಗಿ ಸಾರಿ ಎಂದರು. ಆತ ನಾಚಿಕೊಂಡು ಸಲಕರಣೆಯ ಪೆಟ್ಟಿಗೆ ತಂದಿಟ್ಟ. ನಾನು ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನೆಲದ ಮೇಲೆ ಕೂತೆ. ತೂತನ್ನು ಒಂದು ಅಳತೆ ದೊಡ್ಡದು ಮಾಡಿ, ಹೊಸದಾಗಿ ಥ್ರೆಡ್ಡಿನ ತಿರುಪು ಗೆರೆ ಕೊರೆಯುವುದನ್ನು ಶ್ರೇಯಾಳ ಕೈಯಿಂದಲೇ ಮಾಡಿಸಿದೆ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಒಂದು ಅಳತೆ ದೊಡ್ಡ ಬೋಲ್ಟ್ ಕೂತಿತು. ಅವಳು ಸ್ವಿಚ್ ಹಾಕಿದಳು, ಡ್ರಿಲ್ ಸುಯ್ಯೆಂದು ತಿರುಗಿತು, ಹುಡುಗಿ “ಚಲ್ ಗಯಾ!” ಎಂದು ಚೀರಿ ನನ್ನನ್ನು ಬಾಚಿ ತಬ್ಬಿಕೊಂಡಳು. ಅವಳ ಹತ್ತೂ ಬೆರಳು ನನ್ನ ಸೀರೆಯ ಬೆನ್ನಿನ ಮೇಲೆ ಕಪ್ಪಗೆ ಮೂಡಿವೆ. ಡ್ರೈಕ್ಲೀನಿಂಗ್‌ನವನು ಹೋಗುವುದಿಲ್ಲ ಎಂದ. ಬೇಡ ಬಿಡಿ, ಹಾಗೇ ಕೊಡಿ ಎಂದು ವಾಪಸ್ ತಂದಿದ್ದೇನೆ.